ಅಕ್ಕಾರ ಖಾನಾವಳಿಗೆ ಬಂದ ಗಂಟೆ ಹೊತ್ತ ಹುಡುಗಿ

ಆಗುವುದಿಲ್ಲ ಎಂದವನು ನಮ್ಮ ದೊಡ್ಡಪ್ಪ. ಅಂಗಳದಲ್ಲಿ ಹಲ್ಲುಜ್ಜುತ್ತ, ಇಡೀ ಓಣಿಗೆ ಕೇಳುವ ಹಾಗೆ ಅಂದಿದ್ದ:

"ನಮ್ಮ ಮನಿತನಕ್ಕ ಹೆಗಲಿಗೆ ಚೀಲ ಬರತೈತಿ, ಮೈಮ್ಯಾಲ ಕರೀ ನಿಲುವಂಗಿ ಬರಂಗಿಲ್ಲ. ಡಿಗ್ರಿ ಅಂತ, ಡಿಗ್ರಿ! ಜಾಲಿ ಗಿಡಕ್ಕ ಮಾವಿನಹಣ್ಣು ಜೋತುಬಿದ್ದದ್ದು ಯಾರರ ನೋಡೀರೇನು?"

ಅವನು ಕೆಟ್ಟವನಲ್ಲ. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು ಅವನೇ. ನಮ್ಮಲ್ಲಿ ಹತ್ತನೆಯ ಇಯತ್ತೆ ದಾಟಿದವರೇ ಇರಲಿಲ್ಲ, ಹಾಗಾಗಿ ಅವನು ಕಂಡದ್ದನ್ನು ಹೇಳಿದ ಅಷ್ಟೆ. ನಾನು ಧಾರವಾಡದ ಕಾಲೇಜಿಗೆ ಸೇರಿ ಮೊದಲ ವರ್ಷವೇ ಇಂಗ್ಲಿಷ್‌ನಲ್ಲಿ ಎರಡು ಸಲ ನಪಾಸಾದೆ. ಆಗ ಅವನು ಯಾರ್ಡಿನ ಒಂದು ಮೆಣಸಿನಕಾಯಿ ಅಂಗಡಿಯಲ್ಲಿ ನನಗೊಂದು ಕೆಲಸ ಮಾತಾಡಿ ಇಟ್ಟ. ಬೈದಿದ್ದರೆ ಮನಸ್ಸಿಗೆ ಅಷ್ಟು ಹತ್ತುತ್ತಿರಲಿಲ್ಲ.

ಕೊನೆಗೆ ಆ ಡಿಗ್ರಿ ಆದದ್ದು ಖಾನಾವಳಿಯ ಒಬ್ಬ ಅಕ್ಕಾರಿಂದ ಮತ್ತು ಒಂದು ಜಪಾನಿ ಕಾರ್ಟೂನಿನಿಂದ. ಹೀಗೆಂದರೆ ಜನ ನಗುತ್ತಾರೆ. ನಗಲಿ, ನನಗೂ ನಗೆ ಬರುತ್ತದೆ.

ಹೋದ ತಿಂಗಳು ಧಾರವಾಡದ ಮಾಳಮಡ್ಡಿಯ ಕಡೆ ಹೋದಾಗ ಆ ಖಾನಾವಳಿಯ ಬೋರ್ಡು ಇಳಿಸಿದ್ದರು. ಗೋಡೆಯ ಮೇಲೆ ಬೋರ್ಡಿನಷ್ಟೇ ಅಗಲದ ಬಿಳಿ ಚೌಕ ಉಳಿದಿತ್ತು. ಅಲ್ಲೇ ನಿಂತು ಅಕ್ಕಾರಿಗೆ ಫೋನು ಹಚ್ಚಿದೆ. ಅತ್ತ ಕಡೆಯಿಂದ ಅದೇ ಧ್ವನಿ:

"ಕೈ ಸೋತಾವಪಾ. ರೊಟ್ಟಿ ಬಡದಿದ್ದು ಸಾಕಾತು. ಗೋಕುಲ ರೋಡಿಗೆ ಮಗಳ ಮನಿಗೆ ಬಂದೇನಿ. ಕಥಿ ಮಾತ್ರ ಸಾಕಾಗಿಲ್ಲ ನೋಡು, ಏಳನೂರಾ ಹನ್ನೆರಡನೇ ಕಂತಿಗೆ ಬಂದೇನಿ. ಈ ಮೊಮ್ಮಗಳು ಅರ್ಧಾ ಹೇಳತಾಳ, ಅರ್ಧಾ ನುಂಗತಾಳ, ನಿನ್ನಂಗ. ಲಗೂನ ಬಾ."

ಸರಿ, ಇವರ ಬಗ್ಗೆ ಬರೆಯಬೇಕು ಅಂದುಕೊಂಡೆ. ಹೆಸರು ಬರೆಯುವುದಿಲ್ಲ. ಊಟಕ್ಕೆ ಬರುತ್ತಿದ್ದ ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಅವರ ಹೆಸರು ಕೇಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಅಕ್ಕಾರದು ಗಿಡ್ಡ ಆಳು, ದೊಡ್ಡ ಅಂಗೈ. ಕನ್ನಡಕ ಜಾರಿದಾಗ ಹಿಟ್ಟಿನ ಬೆರಳು ಮುಟ್ಟಿಸಬಾರದೆಂದು ಮುಂಗೈಯಿಂದ ಮೇಲೆ ತಳ್ಳುತ್ತಿದ್ದರು. ಅದರಿಂದ ಬಲಗಡೆಯ ಹುಬ್ಬು ದಿನವಿಡೀ ಬೆಳ್ಳಗಿರುತ್ತಿತ್ತು. ಕನ್ನಡ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದರು. ಪೇಪರನ್ನು ಮೂಲೆಯಿಂದ ಮೂಲೆಗೆ, ಮದುವೆ ಜಾಹೀರಾತು ಸಮೇತ ಓದುವವರು. ಯಾರ ತಾಟಿನಲ್ಲೂ ರೊಟ್ಟಿಯನ್ನು ಎಸೆದವರಲ್ಲ. ಎರಡು ಕೈಯಿಂದ ಇಡುತ್ತಿದ್ದರು, ಹೂವು ಇಟ್ಟ ಹಾಗೆ.

ಕಥೆ ಅವರಿಗೆ ಸಿಕ್ಕದ್ದು ನಮಗಿಂತ ಮೊದಲಿನ ಮೂವರು ಹುಡುಗರಿಂದ. ಅವರು ಊಟ ಮಾಡುತ್ತ ಮೊಬೈಲಿನಲ್ಲಿ ಆ ಕಾರ್ಟೂನು ನೋಡುತ್ತಿದ್ದರು, ಅಕ್ಕಾರು ಪಲ್ಯ ಬಡಿಸುವ ನೆಪದಲ್ಲಿ ಅವರ ಹೆಗಲ ಮೇಲಿಂದ ನೋಡುತ್ತಿದ್ದರು. ಮಂಜು ಕವಿದ ಒಂದು ಹಳ್ಳಿ. ಮಂಜನ್ನು ಓಡಿಸುತ್ತಿದ್ದ ಗುಡಿಯ ಗಂಟೆ ಒಡೆದಿದೆ. ಒಬ್ಬ ಹುಡುಗಿ ಅದನ್ನು ಬೆನ್ನಿಗೆ ಕಟ್ಟಿಕೊಂಡು, ಬೆಸೆದುಕೊಡುವ ಕಮ್ಮಾರನನ್ನು ಹುಡುಕುತ್ತ ಬೆಟ್ಟಗಳಾಚೆ ಹೊರಡುತ್ತಾಳೆ. ಒಂಬತ್ತು ಕಂತು ಆಗುವಷ್ಟರಲ್ಲಿ ಆ ಹುಡುಗರ ಕಾಲೇಜು ಮುಗಿದು ಊರಿಗೆ ಹೋಗಿಬಿಟ್ಟರು.

ನಾನು ಊಟಕ್ಕೆ ಹತ್ತಿದ ಹೊಸತರಲ್ಲಿ, ಒಂದು ದಿನ ಎಲ್ಲರೂ ಎದ್ದು ಹೋದ ಮೇಲೆ ಅಕ್ಕಾರು ನನ್ನನ್ನು ನಿಲ್ಲಿಸಿದರು.

"ತಮ್ಮಾ, ನಿನಗ ಇಂಗ್ಲೀಷು ಓದಾಕ ಬರತೈತೇನು?"

ಎರಡು ಸಲ ನಪಾಸಾದವನಿಗೆ ಕೇಳುವ ಪ್ರಶ್ನೆಯೇ ಇದು? ಮಾನ ಹೋದೀತೆಂದು, "ಬರತೈತ್ರಿ" ಎಂದೆ.

"ಛಲೋ ಆತು. ಒಂಬತ್ತನೇದರಾಗ ಗಂಟಿ ಹೊಳ್ಯಾಗ ಬಿದ್ದೈತಿ. ಸಿಕ್ಕಿತೋ ಇಲ್ಲೋ ಅನ್ನೂದ ಗೊತ್ತಾಗದ ಎರಡು ತಿಂಗಳಾತು. ಮಾತು ಜಪಾನಿ, ಕೆಳಗ ಇಂಗ್ಲೀಷು ಓಡತೈತಿ. ದಿನಾ ನಾಕಕ್ಕ ಬಂದು ಓದಿ ಹೇಳು, ಬಿಸೀ ರೊಟ್ಟಿ ಮೊದಲ ನಿನಗ."

ಹಾಗೆ ಶುರುವಾಯಿತು. ನಾಲ್ಕು ಗಂಟೆಗೆ ಒಲೆ ಹೊತ್ತಿಸಿ ಅವರು ರಾತ್ರಿಯ ಊಟದ ರೊಟ್ಟಿಗೆ ಕೂಡುತ್ತಿದ್ದರು. ಖಾರದ ಡಬ್ಬಿಗೆ ಆನಿಸಿ ಮೊಬೈಲು. ಪಕ್ಕದಲ್ಲಿ ಮಣೆಯ ಮೇಲೆ ನಾನು.

ಆ ಕಾರ್ಟೂನಿನಲ್ಲಿ ಅಂಥದ್ದೇನಿದೆ ಎಂದು ಬಹಳ ಮಂದಿ ನನ್ನನ್ನು ಕೇಳಿದ್ದಾರೆ. ನನಗೆ ಸ್ವಂತ ಉತ್ತರ ಇಲ್ಲ, ಅಕ್ಕಾರು ಹೇಳಿದ್ದನ್ನೇ ಹೇಳುತ್ತೇನೆ. ಅವರ ಮೊದಲ ಪರೀಕ್ಷೆ ಊಟದ್ದು. ನಮ್ಮ ಟೀವಿ ಧಾರಾವಾಹಿಗಳ ಮೇಲೆ ಅವರಿಗೊಂದು ಸಿಟ್ಟಿತ್ತು: "ಎದ್ದಾಗಿಂದ ಜಗಳಾ ಆಡತಾರ, ಒಬ್ಬರೂ ಒಂದು ತುತ್ತು ಉಣ್ಣಂಗಿಲ್ಲ. ತಾಟಿನ ಮುಂದ ಕುಂತು ವಿಷದ ವಿಚಾರ ಮಾಡತಾರ." ಈ ಕಥೆಯಲ್ಲಿ ಹುಡುಗಿ ಮತ್ತು ಅವಳ ಜೊತೆಯವರು ಎಲ್ಲಿ ಬೀಡುಬಿಟ್ಟರೂ ಒಲೆ ಹೂಡುತ್ತಾರೆ. ಗಡಿಗೆಯ ಹಬೆ ಏಳುತ್ತದೆ. ಉಂಡ ಮೇಲೆ ಹಳ್ಳಕ್ಕೆ ಹೋಗಿ ಯಾರೋ ಒಬ್ಬರು ಪಾತ್ರೆ ತಿಕ್ಕುತ್ತಾರೆ. ಅದನ್ನು ಕಂಡ ದಿನ ಅಕ್ಕಾರು ರೊಟ್ಟಿ ಬಡಿಯುವ ಕೈ ನಿಲ್ಲಿಸಿದರು.

"ಭಾಂಡಿ ತಿಕ್ಕೂದು ತೋರಿಸ್ಯಾರ ನೋಡೋ! ಈ ಕಥಿ ಬರದಾವ ಎಂದರ ಅಡಗಿಮನ್ಯಾಗ ದುಡದಿರಬೇಕು."

ಹುಡುಗಿಯ ಎಡ ಮೊಣಕೈಯ ಹತ್ತಿರ ಅಂಗಿ ಹರಿದಿತ್ತು. ಮುಂದಿನ ಕಂತಿನಲ್ಲಿ ತೇಪೆ ಬಿತ್ತು. ಐವತ್ತು ಕಂತುಗಳಾದರೂ ತೇಪೆ ಅಲ್ಲೇ ಇತ್ತು, ಬಣ್ಣ ಮಾತ್ರ ಮಾಸಿತ್ತು. ಅಕ್ಕಾರು ಅದನ್ನು ಹಳೇ ಗೆಳತಿಯನ್ನು ವಿಚಾರಿಸಿದಂತೆ ದಿನಾ ವಿಚಾರಿಸುತ್ತಿದ್ದರು. ಶುರುವಿನ ಹಾಡನ್ನು ನಾನು ಓಡಿಸಲು ಹೋದರೆ ಕೈಮೇಲೆ ಹೊಡೆಯುತ್ತಿದ್ದರು. ಹಾಡಿನ ಚಿತ್ರದಲ್ಲಿ ನಡೆಯುವವರ ಸಾಲು ಇರುತ್ತದೆ. ಯಾರಾದರೂ ಹೊಸಬರು ಜೊತೆಯಾದರೆ ಸಾಲಿನ ಕೊನೆಗೆ ಅವರೂ ಸೇರುತ್ತಾರೆ, ಸತ್ತವರ ಜಾಗ ಖಾಲಿ ಉಳಿಯುತ್ತದೆ, ಅದನ್ನು ಯಾರೂ ತುಂಬುವುದಿಲ್ಲ. ಇಷ್ಟನ್ನು ನಾನು ನೋಡಿಯೇ ಇರಲಿಲ್ಲ. ರೊಟ್ಟಿ ಬಡಿಯುತ್ತ ಅವರು ನೋಡಿದ್ದರು.

ಊಟಕ್ಕೆ ಬೇಗ ಬಂದ ಹುಡುಗನೊಬ್ಬ ಒಮ್ಮೆ ಬುದ್ಧಿ ಹೇಳಲು ಬಂದ: "ಅಕ್ಕಾರ, ಎಪ್ಪತ್ತರಿಂದ ಎಂಬತ್ತೆರಡರ ತನಕಾ ಬಿಟ್ಟಬಿಡ್ರಿ. ಕಥಿ ಮುಂದಕ್ಕ ಹೋಗಂಗಿಲ್ಲ, ಬರೇ ಫಿಲ್ಲರು."

"ದಿನಾ ಹೋಳಿಗಿ ಮಾಡತೇನೇನು ನಿನಗ? ನಡುವಿನ ದಿನ ಬರೇ ಅನ್ನಾ ಸಾರು ತಿಂದ ಹೋಗಂಗಿಲ್ಲೇನು? ಸುಮ್ಮನ ಕೂಡು."

ಆ ಹನ್ನೆರಡು-ಹದಿಮೂರು ಕಂತುಗಳಲ್ಲಿ ನಿಜಕ್ಕೂ ಏನೂ ಆಗುವುದಿಲ್ಲ. ಮಳೆ ಹೊಳವಾಗಲೆಂದು ಒಂದು ಛತ್ರದಲ್ಲಿ ಕಾಯುತ್ತಾರೆ. ನೀರಿಗೆ ಹೆದರುವ ದೈತ್ಯನೊಬ್ಬ ಕೆಸರು ಗುಂಡಿಯಲ್ಲಿ ಒಂದೊಂದೇ ಕಾಲು ಇಡುವುದನ್ನು ಕಲಿಯುತ್ತಾನೆ. ಮುಂದೆ ತೊಂಬತ್ತೊಂದರಲ್ಲಿ ಅವನು ಹುಡುಗಿಯನ್ನು ಎತ್ತಿಕೊಂಡು ಕೆರೆ ದಾಟಿದಾಗ ಅಕ್ಕಾರು ಆ ಹುಡುಗನ ತಾಟಿನತ್ತ ಸೌಟು ತೋರಿಸಿ, "ಈಗ ಹೇಳು, ಯಾವುದು ಫಿಲ್ಲರು?" ಎಂದರು. ಅವನು ತಲೆ ತಗ್ಗಿಸಿ ಶೇಂಗಾ ಚಟ್ನಿ ಕಲೆಸಿಕೊಂಡ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನನಗೆ ಬರುತ್ತಿದ್ದ ಇಂಗ್ಲಿಷು ಅರ್ಧ. ಉಳಿದ ಅರ್ಧವನ್ನು ಪಾತ್ರಗಳ ಮುಖ ನೋಡಿ ಊಹಿಸುತ್ತಿದ್ದೆ. ಅಕ್ಕಾರು ಸುಳಿವು ಹಿಡಿಯುತ್ತಿದ್ದರು.

"ಅಲಾ, ಆ ಮುದುಕನ ಬಾಯಿ ಅಷ್ಟೊತ್ತು ಅಳ್ಳಾಡಿತು. ನೀ ಎರಡ ಮಾತು ಹೇಳಿದೆಲ್ಲ?"

"ಜಪಾನಿ ಮಾತು ಉದ್ದ ಇರತಾವ್ರಿ ಅಕ್ಕಾರ."

ಹದಿನಾಲ್ಕನೆಯ ಕಂತಿನಲ್ಲಿ ಕೊಕ್ಕರೆ ತಲೆಯ ಒಬ್ಬ ಅಂಬಿಗ ಹುಡುಗಿಯನ್ನು ನದಿ ದಾಟಿಸುತ್ತಾನೆ. ದಡ ಮುಟ್ಟಿದ ಮೇಲೆ ಬಹಳ ಹೊತ್ತು ಮಾತಾಡುತ್ತಾನೆ. ಅಕ್ಷರಗಳು ಸರಸರ ಓಡಿದವು, ನನಗೆ ಒಂದೂ ಹತ್ತಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು. ಅದನ್ನೇ ಹಿಡಿದು ಹೇಳಿದೆ: "ನಿನ್ನಂಥಾಕಿ ಒಬ್ಬಾಕಿ ಮಗಳಿದ್ದಳು, ಹೊಳ್ಯಾಗ ಹೋದಳು ಅಂತಾನ್ರಿ."

ಅಕ್ಕಾರ ಕಣ್ಣಲ್ಲಿ ನೀರು ಬಂತು. ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು. ಅಂದಿನಿಂದ ಆ ಇಲ್ಲದ ಮಗಳು ನಮ್ಮ ಖಾನಾವಳಿಯಲ್ಲಿ ಬೆಳೆಯತೊಡಗಿದಳು. ಮಳೆ ಜೋರಾದರೆ, "ಪಾಪ, ಆ ಅಂಬಿಗನ ಮಗಳು ಇಂಥಾ ದಿನಾನ ಹೋಗಿರಬೇಕು" ಎನ್ನುತ್ತಿದ್ದರು. ಆಕೆ ಬದುಕಿದ್ದರೆ ಗಂಟೆಯ ಹುಡುಗಿಗೆ ಎಷ್ಟು ಆಸರೆಯಾಗುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದರು. ನಿಜ ಹೇಳಿಬಿಡಬೇಕು ಎನಿಸುತ್ತಿತ್ತು. ಆದರೂ ಕಾರ್ಟೂನು ಅಲ್ಲವೇ, ಒಮ್ಮೆ ಬಂದು ಹೋದ ಅಂಬಿಗನ ನೆನಪು ಯಾರಿಗಿರುತ್ತದೆ ಎಂದು ಸುಮ್ಮನಿದ್ದೆ.

ಈ ನಡುವೆ ಅಕ್ಕಾರಿಗೆ ಒಂದು ಅನುಮಾನ ಹತ್ತಿತು. "ಈ ಹುಡುಗಿ ಯಾಕ ನಗವಲ್ಲಳು? ತುಟಿ ಅಷ್ಟ ಅಗಲ ಮಾಡತಾಳ. ಹೊಳಿ ದಾಟಿದಾಗಿಂದ ಒಂದು ಸಲಾನೂ ಧ್ವನಿ ತಗದು ನಕ್ಕಿಲ್ಲ."

"ಕಷ್ಟದಾಗ ಅದಾಳಲ್ರಿ."

"ಕಷ್ಟದಾಗಿದ್ದವರ ಹೆಚ್ಚಿಗಿ ನಗತಾರಪಾ. ಏನೋ ಐತಿ ಇದರಾಗ."

ಎಂಟು ತಿಂಗಳ ನಂತರ ನೂರಾ ಅರವತ್ತಮೂರನೆಯ ಕಂತು ಬಂತು. ನಾನಾಗ ಎರಡನೆಯ ವರ್ಷದ ಕೊನೆಯಲ್ಲಿದ್ದೆ. ಇಂಗ್ಲಿಷಿನ ಮರುಪರೀಕ್ಷೆಗೆ ಫಾರ್ಮು ತುಂಬುವುದು ಬೇಡ, ಕಾಲೇಜು ಬಿಟ್ಟು ಯಾರ್ಡಿಗೆ ಹೋಗುವುದೇ ಸರಿ ಎಂದು ಒಳಗೊಳಗೇ ಗಟ್ಟಿ ಮಾಡಿಕೊಂಡಿದ್ದೆ. ಅಕ್ಕಾರಿಗೆ ಹೇಳಿರಲಿಲ್ಲ.

ಕಂತಿನಲ್ಲಿ ಹುಡುಗಿ ಕಮ್ಮಾರನ ಬಾಗಿಲಿಗೆ ಮುಟ್ಟಿದ್ದಾಳೆ. ಬೆಸುಗೆಗೆ ಅವಳ ನಗೆಯ ಸದ್ದು ಬೇಕು ಎನ್ನುತ್ತಾನೆ ಕಮ್ಮಾರ. ಅವಳ ಬಳಿ ಅದು ಇಲ್ಲ. ಆಗ ಮಂಜಿನೊಳಗಿಂದ ಬಂದವನು ಅದೇ ಕೊಕ್ಕರೆ ತಲೆಯ ಅಂಬಿಗ, ಕೈಯಲ್ಲಿ ಬಾಯಿ ಕಟ್ಟಿದ ಒಂದು ಪುಟ್ಟ ಗಡಿಗೆ. ಅರಿವೆ ಬಿಚ್ಚಿದ. ಹುಡುಗಿ ಗಡಿಗೆಯೊಳಗೆ ಇಣುಕಿ, ತಲೆ ಹಿಂದಕ್ಕೆ ಚೆಲ್ಲಿ ಗಹಗಹಿಸಿ ನಕ್ಕಳು.

ಅಕ್ಕಾರು ದಿಗಿಲುಬಿದ್ದರು.

"ಏನೈತೋ ಅದರಾಗ? ಮಗಳ ಬೂದಿ ಏನು? ಅಯ್ಯ ಶಿವನ, ಸತ್ತ ಹುಡುಗಿ ಬೂದಿ ನೋಡಿ ಹಿಂಗ ನಗತಾರೇನು? ಇಷ್ಟು ದಿನಾ ಈಕಿ ಒಳ್ಳ್ಯಾಕಿ ಅಂತ ತಿಳಕೊಂಡಿದ್ದೆನಲ್ಲೋ!"

ಕೆಳಗಿನ ಇಂಗ್ಲಿಷು ಅವತ್ತು ಸುಲಭವಾಗಿತ್ತು, ನನಗೂ ಓದಲು ಬಂತು. ನದಿ ದಾಟಿಸಿದ್ದಕ್ಕೆ ಪ್ರತಿಯಾಗಿ ಹುಡುಗಿ ತನ್ನ ನಗುವನ್ನೇ ಅಂಬಿಗನಲ್ಲಿ ಒತ್ತೆ ಇಟ್ಟಿದ್ದಳು. ಅಷ್ಟು ಎಳೆಯಳಿಂದ ಅದನ್ನು ತೆಗೆದುಕೊಳ್ಳಬೇಕಾಯಿತಲ್ಲ ಎಂದು ಅವನು ಅಂದು ಅತ್ತಿದ್ದ. ಕಥೆ ಮಾಡಿದವರು ನೂರೈವತ್ತು ಕಂತು ಅದರ ಮಾತನ್ನೇ ಮತ್ತೆ ಎತ್ತದೆ, ಅವಳನ್ನು ಒಮ್ಮೆಯೂ ನಗಿಸದೆ ಕಾದಿದ್ದರು. ಅಕ್ಕಾರು ಒಬ್ಬರೇ ಅದನ್ನು ಹಿಡಿದಿದ್ದರು. ಹಿಡಿದದ್ದನ್ನು ಕೆಡಿಸಿದವನು ನಾನು.

ಮೊಬೈಲು ನಿಲ್ಲಿಸಿದೆ. ಎಲ್ಲ ಹೇಳಿದೆ. ಮಗಳು ಇರಲೇ ಇಲ್ಲ ಎಂದೆ. ಇಂಗ್ಲಿಷ್‌ನಲ್ಲಿ ಎರಡು ಸಲ ಹೋಗಿದೆ, ಮೂರನೆಯ ಸಲ ಕಟ್ಟುವುದಿಲ್ಲ, ಯಾರ್ಡಿಗೆ ಹೋಗುತ್ತೇನೆ ಎಂದೂ ಹೇಳಿದೆ. ಅಕ್ಕಾರು ಹಂಚಿನ ಮೇಲಿನ ರೊಟ್ಟಿ ಇಳಿಸಿದರು.

"ಹಂಗಾರ ಎಂಟು ತಿಂಗಳು ನಾ ಹುಟ್ಟದ ಇದ್ದಾಕಿಗೆ ಅತ್ತೆನೇನೋ?"

"ಹೌದ್ರಿ."

"ಅಮಾಸಿ ದಿನ ಆಕಿ ಹೆಸರಲೆ ಒಂದು ರೊಟ್ಟಿ ತಗದು ಆಕಳಿಗೆ ಇಟ್ಟೇನಲ್ಲೋ!"

ಬೈಯುತ್ತಾರೆ ಎಂದುಕೊಂಡೆ. ಅವರ ಹೊಟ್ಟೆ ಕುಲುಕತೊಡಗಿತು. ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಗೋಡೆಗೆ ಒರಗಿ ಕೂತು, ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು ನಕ್ಕರು. ಮೊಬೈಲಿನೊಳಗಿನ ಹುಡುಗಿಯೂ ಬಾಯಿ ತೆರೆದು ನಿಂತಿದ್ದಳು, ಇಬ್ಬರೂ ಒಂದೇ ಜೋಕಿಗೆ ನಗುತ್ತಿರುವ ಹಾಗೆ. ಸುಧಾರಿಸಿಕೊಂಡು ಹೇಳಿದರು:

"ನೋಡಿದೇನು ಇವರ ಶಾಣ್ಯಾತನ? ಹದಿನಾಲ್ಕರಾಗ ಹಾಕಿದ ಹೆಪ್ಪು ನೂರಾ ಅರವತ್ತಮೂರಕ್ಕ ಮೊಸರಾಗೈತಿ. ನಡುವ ಒಮ್ಮೆನೂ ಬೆರಳು ಅದ್ದಿ ನೋಡಿಲ್ಲ. ನೀ ಅದರಾಗ ನೀರು ಹೊಯ್ದಿ." ಆಮೇಲೆ ಧ್ವನಿ ಬದಲಾಯಿತು. "ಪರೀಕ್ಷಾ ನಿಂದು, ಕಟ್ಟು ಇಲ್ಲಾ ಬಿಡು. ಕಥಿ ನಂದು. ಕೆಡಿಸಿದಾವ ನೆಟ್ಟಗ ಮಾಡಿ ಕೊಟ್ಟ ಹೋಗಬೇಕು. ನಾಳೆ ಒಂದನೇದರಿಂದ ಹಚ್ಚು. ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ನು."

ನೂರಾ ಅರವತ್ತಮೂರು ಕಂತು ಹಿಂದಕ್ಕೆ! ಯಾರ್ಡಿನ ಅಂಗಡಿಯವರಿಗೆ ಆಮೇಲೆ ಬರುತ್ತೇನೆಂದು ಹೇಳಿ ಕಳಿಸಿದೆ. ಇಲ್ಲೇ ಇರುವುದಾದರೆ ಫಾರ್ಮು ತುಂಬಿದರಾಯಿತು ಎಂದು ಅದನ್ನೂ ತುಂಬಿದೆ.

ಹೊಸ ಪದ್ಧತಿ ಅಕ್ಕಾರದೇ. ತಿಳಿಯದ ಶಬ್ದ ಬಂದರೆ ಕಂತು ನಿಲ್ಲಿಸಬೇಕು. ರೊಟ್ಟಿ ಬಡಿಯುವ ಹಲಗೆಯ ಮೇಲೆ ಹಿಟ್ಟು ಹರವಿರುತ್ತಿತ್ತಲ್ಲ, ಅದರಲ್ಲಿ ಆ ಶಬ್ದವನ್ನು ಬೆರಳಿಂದ ಬರೆಯಬೇಕು. ಅರ್ಥ ಸಿಗುವವರೆಗೆ ಅವರು ಅದರ ಮೇಲೆ ಮುಂದಿನ ಉಂಡೆ ಇಡುತ್ತಿರಲಿಲ್ಲ. ಏಳು ಗಂಟೆಗೆ ಹಸಿದು ಬಂದ ಹುಡುಗರು, "ಅಕ್ಕಾರ, ಇವತ್ತ ಯಾಕ ತಡ?" ಎಂದರೆ, "ಒಂದು ಶಬ್ದ ಅಡ್ಡ ಬಿದ್ದೈತಿ, ದಾಟಾಕ ಆಗವಲ್ದು" ಎನ್ನುತ್ತಿದ್ದರು. ಹಸಿದವರೆಲ್ಲ ನಿಘಂಟು ತೆಗೆಯುತ್ತಿದ್ದರು. ಒಮ್ಮೆ 'ರಿಲಕ್ಟೆಂಟ್' ಎಂಬ ಶಬ್ದಕ್ಕೆ ಅರ್ಧ ಗಂಟೆ ಹೋಯಿತು. ನಾನು ಮನಸ್ಸಿಲ್ಲದ ಮನಸ್ಸಿನಿಂದ ಎಂದೇನೋ ಹೇಳಿದೆ. ಅವರು ನಾಲಿಗೆಯ ಮೇಲೆ ಇಟ್ಟು ನೋಡಿ, "ಪಂಚಮಿ ಮುಗಿಸಿ ಸೊಸಿ ತವರಿನಿಂದ ಹೊಂಟಂಗ. ಕಾಲು ಮುಂದ, ಮಾರಿ ಹಿಂದ. ಸರಿ ಐತಿ" ಎಂದು ಉಂಡೆ ಇಟ್ಟರು. ಅಕ್ಷರಗಳು ರೊಟ್ಟಿಯ ಅಡಿಗೆ ಹೋದವು. ನನ್ನ ಇಂಗ್ಲಿಷನ್ನು ಆ ವರ್ಷ ಎಷ್ಟು ಹುಡುಗರು ತಿಂದರೋ!

ಪರೀಕ್ಷೆಯ ಕೋಣೆಯಲ್ಲಿ ಒಂದು ಉದ್ದನೆಯ ಇಂಗ್ಲಿಷ್ ಭಾಗ ಕೊಟ್ಟು ಪ್ರಶ್ನೆ ಕೇಳಿದ್ದರು. ಎದುರಿಗೆ ಅಕ್ಕಾರು ಕೂತಿದ್ದಾರೆ, ಬಾಯಿ ಎಷ್ಟು ಹೊತ್ತು ಅಳ್ಳಾಡಿತೋ ಅಷ್ಟೂ ಹೇಳಬೇಕು ಎಂದುಕೊಂಡು ಬರೆದೆ. ಒಂದು ಶಬ್ದ ತಿಳಿಯಲಿಲ್ಲ. ಅಲ್ಲಿ ಸುಳ್ಳು ತುಂಬಲಿಲ್ಲ, ಖಾಲಿ ಬಿಟ್ಟೆ. ಪಾಸಾದೆ. ಮುಂದಿನ ವರ್ಷ ಉಳಿದದ್ದೆಲ್ಲವೂ ಆಯಿತು.

ಪ್ರಮಾಣಪತ್ರ ಕೊಡುವ ದಿನ ದೊಡ್ಡಪ್ಪ ತಾನೂ ಬರುತ್ತೇನೆಂದ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಅದೇ ಹಮಾಲಿ ಟವೆಲ್ಲು. ಕಾಲೇಜಿನಿಂದ ನೇರ ಖಾನಾವಳಿಗೆ ಬಂದೆವು. ನಾಲ್ಕು ಗಂಟೆ ಆಗಿತ್ತು.

ಅಕ್ಕಾರು ಎದ್ದು ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಪ್ರಮಾಣಪತ್ರವನ್ನು ಎರಡೂ ಕೈಯಿಂದ ತೆಗೆದುಕೊಂಡರು. ಬಲಗಡೆಯ ಹುಬ್ಬು ಬೆಳ್ಳಗೇ ಇತ್ತು. ಕನ್ನಡದ ಭಾಗವನ್ನು ತಾವೇ ಓದಿಕೊಂಡು ಮರಳಿ ನನ್ನ ಕೈಗಿಟ್ಟರು.

"ಇಂಗ್ಲೀಷಿಂದು ನೀ ಹೇಳು."

"ಎಲ್ಲಾರಿಗೂ ಗೊತ್ತಾಗಲಿ ಏನಂದ್ರ, ಈ ಹುಡುಗ ಕಟ್ಟಬೇಕಾದ ಪರೀಕ್ಷಾ ಎಲ್ಲಾ ಕಟ್ಟಿ, ಎರಡನೇ ದರ್ಜೆದಾಗ ಪಾಸಾಗಿ, ಈ ಪದವಿಗೆ ಯೋಗ್ಯ ಆಗ್ಯಾನ ಅಂತ ಐತ್ರಿ."

"'ಎಲ್ಲಾ' ಅನ್ನೂದು ಅವರು ಬರದಾರೋ, ನೀ ಸೇರಿಸಿದ್ಯೋ?"

"ಬರದಾರ್ರಿ."

"ಎಲ್ಲಿ? ಬೆರಳಿಡು."

ಬೆರಳಿಟ್ಟೆ. ಬಾಗಿಲಲ್ಲಿ ನಿಂತ ದೊಡ್ಡಪ್ಪ ಮೆಲ್ಲಗೆ ಅಂದ: "ಲೇ, ಎರಡನೇ ದರ್ಜೆ ಅನ್ನೂದು ಬಿಟ್ಟ ಹೇಳಬೇಕಿತ್ತಲ್ಲೋ."

"ಬಿಟ್ಟಿದ್ರ ಇವತ್ತ ಇವಗ ರೊಟ್ಟಿ ಇದ್ದಿಲ್ರಿ ಅಣ್ಣಾರ," ಎಂದರು ಅಕ್ಕಾರು. "ಬರ್ರಿ, ಕೂಡ್ರಿ. ಹೊಸಬ್ರು ಬಂದಾರ, ಒಂದನೇದ ಹಚ್ಚು ತಮ್ಮಾ."

ದೊಡ್ಡಪ್ಪ ನನ್ನ ಮಣೆಯ ಮೇಲೆ ಕೂತ. ಅಕ್ಕಾರು ಅವನ ತಾಟಿಗೆ ಬಿಸಿ ರೊಟ್ಟಿ ಇಟ್ಟರು. ಪ್ರಮಾಣಪತ್ರವನ್ನು ನಾನು ಅವನ ಕೈಗೆ ಕೊಟ್ಟೆ. ಅದನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡ. ಖಾರದ ಡಬ್ಬಿಗೆ ಆನಿಸಿದ ಮೊಬೈಲಿನಲ್ಲಿ ಹಾಡು ಮುಗಿದು, ಮಂಜಿನ ಹಳ್ಳಿ ಬಂತು. ಹುಡುಗಿ ಒಡೆದ ಗಂಟೆಗೆ ಹಗ್ಗ ಬಿಗಿದು, ಬೆನ್ನಿಗೇರಿಸಿಕೊಂಡು ಎದ್ದು ನಿಂತಳು. ದೊಡ್ಡಪ್ಪನ ಕೈಯಲ್ಲಿದ್ದ ತುತ್ತು ಅರ್ಧಕ್ಕೇ ನಿಂತಿತು.

"ತಪ್ಪ ಕಟ್ಯಾಳ. ವಜ್ಜಿ ಎಲ್ಲಾ ಹೆಗಲಿಗೆ ಬಂತು, ಸೊಂಟಕ್ಕ ಬರಬೇಕು. ಹಿಂಗ ನಾಕ ದಿನ ನಡದ್ರ ಹೆಗಲು ಹರದ ಹೋಗತೈತಿ. ಎಲ್ಲಿಗೆ ಹೊಂಟಾಳ ಈ ಕೂಸು?"

"ಭಾಳ ದೂರ ಐತ್ರಿ," ಎಂದರು ಅಕ್ಕಾರು, ಹಂಚಿನ ಮೇಲೆ ರೊಟ್ಟಿ ತಿರುವುತ್ತ. "ಹೆಗಲಿನ ಮ್ಯಾಲ ಗಾಯ ಆಗತೈತಿ, ಖರೇ. ಇಪ್ಪತ್ತೊಂದನೇದರಾಗ ಹೊರೆ ಹೊರೂ ಮುದುಕ ಒಬ್ಬ ಸಿಗತಾನ. ಬಿಚ್ಚಿಸಿ, ನೆಟ್ಟಗ ಕಟ್ಟೂದು ಹೇಳಿಕೊಡತಾನ."

ದೊಡ್ಡಪ್ಪ ಹುಡುಗಿಯನ್ನೇ ನೋಡುತ್ತ ಟವೆಲ್ಲಿನ ಗಂಟನ್ನು ಹತ್ತಿರ ಎಳೆದುಕೊಂಡ. ತುತ್ತು ಬಾಯಿಗಿಟ್ಟ.

"ಹೇಳಿಕೊಡಾವ ಒಬ್ಬ ಇದ್ದಾನಂದ್ರ ಮುಟ್ಟತಾಳ ಬಿಡ್ರಿ."